ಟ್ರೇ ಮಗುಚಿದ್ದು ಯಾರ ತಪ್ಪಿನಿಂದ?

ನಾವು ಹೋಟೆಲು ನಡೆಸುತ್ತಿದ್ದ ಕಾಲದ ಒಂದು ಸಂಗತಿ ಇಂದಿಗೂ ನಮ್ಮ ಮನಸ್ಸನ್ನು ಚುಚ್ಚುತ್ತಿದೆ. ಊರಿನಿಂದ ಹೊಸದಾಗಿ ಬಂದಿದ್ದ ಮಾಣಿಯೊಬ್ಬನು ಹನ್ನೆರಡು ಗಾಜಿನ ಲೋಟಗಳಿದ್ದ ಟ್ರೇಯನ್ನು ಅಂಗೈಯ ಮೇಲೆ ಹೊತ್ತು ಮೇಜಿನ ಬಳಿಗೆ ಹೋದನು. ಎಡಪಕ್ಕದಿಂದಲೇ ಐದು ಲೋಟಗಳನ್ನು ತೆಗೆದು ಗಿರಾಕಿಗಳ ಮುಂದಿರಿಸಿದನು. ಆರನೆಯದಕ್ಕೆ ಕೈಹಾಕುತ್ತಲೇ ಟ್ರೇ ಬಲಕ್ಕೆ ಮಗುಚಿಬಿದ್ದಿತು. ನಾವು ಅವನನ್ನು ಗದರಿಸಿ, ಒಡೆದ ಲೋಟಗಳ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಂಡೆವು.

ಎಸ್.ಎಸ್.ಎಲ್.ಸಿ. ತರಗತಿಯಲ್ಲಿ ಗುರುತ್ವಕೇಂದ್ರದ ವ್ಯಾಖ್ಯೆಯನ್ನು ನಾವೂ ಉರುಹೊಡೆದಿದ್ದೆವು. ಅದು ನಮ್ಮ ಹೋಟೆಲಿನ ಟ್ರೇಯಲ್ಲಿಯೂ ಉಂಟೆಂದು ಮಾತ್ರ ತೋಚಿರಲಿಲ್ಲ. ವಸ್ತುವಿನ ದ್ರವ್ಯರಾಶಿಯೆಲ್ಲವೂ ಒಂದೇ ಬಿಂದುವಿನಲ್ಲಿ ನೆಲೆಸಿದೆಯೆಂದು ಎಣಿಸಿ ಲೆಕ್ಕಮಾಡಬಹುದಾದರೆ ಆ ಬಿಂದುವೇ ದ್ರವ್ಯರಾಶಿಕೇಂದ್ರ. ನಾವು ಕೈಯಲ್ಲಿ ಹಿಡಿಯುವಂಥ ವಸ್ತುಗಳಲ್ಲಿ ಗುರುತ್ವಕೇಂದ್ರವೂ ಅದೇ ಸ್ಥಾನದಲ್ಲಿರುತ್ತದೆ.

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಉದ್ದ ಹಿಡಿಯ ಪೊರಕೆಯೊಂದನ್ನು ಎರಡು ಕೈಗಳ ತೋರುಬೆರಳುಗಳ ಮೇಲೆ ಅಡ್ಡಲಾಗಿರಿಸಿ, ಬೆರಳುಗಳನ್ನು ಮೆಲ್ಲನೆ ಹತ್ತಿರಕ್ಕೆ ತನ್ನಿರಿ. ಅವು ಕೂಡುವ ಸ್ಥಳದಲ್ಲಿ ಪೊರಕೆಯು ಬೀಳದೆ ನಿಲ್ಲುತ್ತದೆ. ಆ ಸ್ಥಳವು ಉದ್ದದ ನಟ್ಟನಡುವಲ್ಲ. ಕಡ್ಡಿಗಳ ಕಡೆಗೆ ಸರಿದಿರುತ್ತದೆ. ಅಲ್ಲಿಯೇ ತುಂಡರಿಸಿದರೆ ಎರಡು ತುಂಡುಗಳೂ ಸಮತೂಕವಾಗುವುವೆಂದು ಹಲವರು ಭಾವಿಸುತ್ತಾರೆ. ಹಾಗಾಗದು, ಕಡ್ಡಿಗಳಿರುವ ತುಂಡೇ ಹೆಚ್ಚು ತೂಗುವುದು. ಸರಿದೂಗಬೇಕಾದುದು ತೂಕವೊಂದೇ ಅಲ್ಲ, ತೂಕವನ್ನು ದೂರದಿಂದ ಗುಣಿಸಿದ ಮೊತ್ತ. ಹಗುರವಾದ ಕೋಲಿನ ಒಂದು ತುದಿಗೆ 3 ಕಿಲೋ, 100 ಸೆಂಟಿಮೀಟರ್ ಆಚೆಯ ಮತ್ತೊಂದು ತುದಿಗೆ 1 ಕಿಲೋ ಭಾರ ಕಟ್ಟಿದರೆ, ಕೇಂದ್ರವು ಹೆಚ್ಚಿನ ಭಾರದಿಂದ 25 ಸೆಂಟಿಮೀಟರ್ ದೂರದಲ್ಲಿರುತ್ತದೆ. ಮೂರನ್ನು ಇಪ್ಪತ್ತೈದರಿಂದ ಗುಣಿಸಿದರೂ, ಒಂದನ್ನು ಎಪ್ಪತ್ತೈದರಿಂದ ಗುಣಿಸಿದರೂ ಎಪ್ಪತ್ತೈದೇ. ಗುಮಾಸ್ತ ಮಿತ್ರರು ಜಮಾ-ಖರ್ಚು ತಾಳೆನೋಡುವಂತೆಯೇ ಇದು.

ಇದೇ ಲೆಕ್ಕ ಆಕಾಶದಲ್ಲಿಯೂ ನಡೆಯುತ್ತದೆ. ಭೂಮಿಯ ದ್ರವ್ಯರಾಶಿ ಚಂದ್ರನದರ ಸುಮಾರು 81 ಪಟ್ಟು. ಅವೆರಡರ ನಡುವಿನ ಸರಾಸರಿ ದೂರ ಸುಮಾರು 3,84,400 ಕಿಲೋಮೀಟರ್. ಆದುದರಿಂದ ಎರಡಕ್ಕೂ ಸಾಮಾನ್ಯವಾದ ಕೇಂದ್ರವು ಭೂಮಿಯ ನಡುವಿನಿಂದ ಸುಮಾರು 4,670 ಕಿಲೋಮೀಟರ್ ದೂರದಲ್ಲಿ, ಅಂದರೆ ಭೂಮಿಯ ಒಡಲೊಳಗೇ ಇದೆ. ಚಂದ್ರನಷ್ಟೇ ಅಲ್ಲ, ಭೂಮಿಯೂ ಆ ಬಿಂದುವನ್ನು ಸುತ್ತುತ್ತದೆ.

ಇನ್ನು ಮಾಣಿಯ ಟ್ರೇಗೆ ಬರೋಣ. ಕೇಂದ್ರದಿಂದ ನೇರವಾಗಿ ಕೆಳಗೆಳೆದ ಗೆರೆ ಅಂಗೈಯ ಹರವಿನೊಳಗೆ ಬೀಳುವವರೆಗೆ ಟ್ರೇ ನಿಲ್ಲುತ್ತದೆ; ಅದರಾಚೆಗೆ ಹೋದರೆ ಮಗುಚುತ್ತದೆ. ಹನ್ನೆರಡು ಲೋಟಗಳಿದ್ದಾಗ ಕೇಂದ್ರವು ಅಂಗೈಯ ಮೇಲೆಯೇ ಇದ್ದಿತು. ಎಡದಿಂದ ಐದನ್ನು ತೆಗೆದಾಗ ಎಡಕ್ಕೆ ಒಂದು, ಬಲಕ್ಕೆ ಆರು ಉಳಿದವು. ಕೇಂದ್ರವು ಬಲಕ್ಕೆ ಸರಿಯಿತು. ಹುಡುಗನ ಅಂಗೈ ಇದ್ದಲ್ಲಿಯೇ ಇದ್ದಿತು.

ಎಡದಿಂದೊಂದು, ಬಲದಿಂದೊಂದು ತೆಗೆಯಬೇಕು. ಭಾರವಾದ ಪಾತ್ರೆಯನ್ನು ಅಂಗೈಯ ನೇರಕ್ಕಿಡಬೇಕು. ಬೆರಳುಗಳನ್ನು ಅಗಲವಾಗಿ ಹರಡಿ ಹಿಡಿಯಬೇಕು. ಇಷ್ಟನ್ನು ಕಲಿಸಲು ಐದು ನಿಮಿಷ ಸಾಕಾಗಿತ್ತು. ಕಲಿಸಬೇಕಾದವರು ನಾವು, ಕಲಿಸಲಿಲ್ಲ. ದಂಡ ತೆತ್ತವನು ಅವನು. ಇಂದು ಗಲ್ಲೆಯಲ್ಲಿ ಕುಳಿತಿರುವ ಮಾಲಿಕ ಬಂಧುಗಳು ಸಂಬಳದ ಪುಸ್ತಕವನ್ನು ತೆರೆಯುವ ಮೊದಲು ಈ ಐದು ನಿಮಿಷಗಳನ್ನು ತಮ್ಮ ಹುಡುಗರಿಗಾಗಿ ವ್ಯಯಿಸಲೆಂದು ನಾವು ಬೇಡುತ್ತೇವೆ.