ನೌಕರನ ಕೈಗಡ: ಖರ್ಚಿನ ಬಿಲ್ಲುಗಳೂ ಹೊಸ ವಿಧಾನವೂ

ಕಚೇರಿಯ ಕೆಲಸಕ್ಕಾಗಿ ಪರಸ್ಥಳಕ್ಕೆ ಹೋಗುವ ನೌಕರನು ಮೊದಲು ತನ್ನ ಜೇಬಿನಿಂದಲೇ ಹಣ ತೆರುತ್ತಾನೆ. ಬಸ್ಸಿನ ಟಿಕೆಟು, ಆಟೋ ಬಾಡಿಗೆ, ಊಟದ ವೆಚ್ಚ, ವಸತಿಗೃಹದ ಬಾಡಿಗೆ ಇವೆಲ್ಲವನ್ನೂ ತಾನೇ ಕೊಟ್ಟು, ಊರಿಗೆ ಹಿಂದಿರುಗಿದ ಮೇಲೆ ಬಿಲ್ಲು ಬರೆದು, ರಸೀದಿಗಳನ್ನು ಅಂಟಿಸಿ, ಮೇಲಧಿಕಾರಿಯ ಮೇಜಿನ ಮೇಲಿಟ್ಟು ಕಾದುಕೊಂಡಿರುತ್ತಾನೆ. ಹಣವು ಕೈಸೇರುವ ತನಕ ಅವನು ತನ್ನ ಯಜಮಾನನಿಗೆ ಬಡ್ಡಿಯಿಲ್ಲದ ಕೈಗಡ ಕೊಟ್ಟವನೇ ಸರಿ. ಈ ಸಾಲಕ್ಕೆ ಪತ್ರವಿಲ್ಲ. ಕೇಳಲು ಹೋದರೆ ಸಾಲ ಕೊಟ್ಟವನೇ ತಲೆ ತಗ್ಗಿಸಿ ನಿಲ್ಲಬೇಕು. ದೊಡ್ಡ ಸಂಬಳದವರಿಗೆ ಇದು ಗಮನಕ್ಕೆ ಬಾರದ ಸಂಗತಿ. ತಿಂಗಳ ಕೊನೆಯ ವಾರವನ್ನು ಎಣಿಸಿ ಎಣಿಸಿ ಕಳೆಯುವ ಚಿಕ್ಕ ನೌಕರನ ಮನೆಯಲ್ಲಿ ಮಾತ್ರ ಇದರ ಭಾರವು ತಿಳಿಯುತ್ತದೆ.

ವಿಳಂಬಕ್ಕೆಲ್ಲ ಅಧಿಕಾರಿಗಳ ನಿರ್ದಯತೆಯೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಬಿಲ್ಲು ನಡೆಯುವ ದಾರಿಯೇ ಅಂಕುಡೊಂಕಾದದ್ದು. ಒಂದು ರಸೀದಿ ಕಾಣೆಯಾಯಿತೆಂದು ಗುಮಾಸ್ತನು ಹಿಂದಿರುಗಿಸುವನು, ಮೇಲಧಿಕಾರಿಯು ರಜೆಯಲ್ಲಿರುವನು, ಲೆಕ್ಕದ ವಿಭಾಗದವರು ದಿನಭತ್ಯದ ದರ ತಪ್ಪಿದೆಯೆಂದು ಆಕ್ಷೇಪಣೆ ಬರೆಯುವರು. ಕಾಗದವು ಯಾವ ಮೇಜಿನಲ್ಲಿ ಮಲಗಿದೆಯೆಂಬುದನ್ನು ಹೇಳಬಲ್ಲವರೇ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಎಷ್ಟೋ ವೇಳೆ ಆ ಪೂಜಾರಿಯೂ ಕಾಗದದ ರಾಶಿಯಡಿಯಲ್ಲಿ ಸಿಕ್ಕಿಬಿದ್ದವನೇ ಆಗಿರುತ್ತಾನೆ.

ಕೇಂದ್ರ ಸರ್ಕಾರದ ನೌಕರರಿಗೆ ಪ್ರವಾಸಭತ್ಯದ ಬಿಲ್ಲನ್ನು ಒಪ್ಪಿಸಲು ಮೊದಲು ಒಂದು ವರ್ಷದ ಅವಕಾಶವಿದ್ದಿತು. ೨೦೧೮ರಲ್ಲಿ ಹಣಕಾಸಿನ ಮಂತ್ರಾಲಯದ ವೆಚ್ಚ ಇಲಾಖೆಯು ಅದನ್ನು ಪ್ರಯಾಣ ಮುಗಿದ ೬೦ ದಿನಗಳಿಗೆ ಇಳಿಸಿತು. ಲೆಕ್ಕವು ಹಳೆಯದಾದಷ್ಟೂ ಪರಿಶೀಲನೆ ಕಷ್ಟವಾದುದರಿಂದ ಇಂತಹ ಕಟ್ಟುಪಾಡು ಯುಕ್ತವಾದದ್ದೇ. ಆದರೆ ಕೇಳುವವನಿಗೆ ಗಡುವು ಉಚಿತವಾದರೆ ಕೊಡುವವನಿಗೂ ಅದು ಉಚಿತವೇ. ಸರ್ಕಾರಿ ಕಚೇರಿಯಿರಲಿ, ಖಾಸಗಿ ಕಂಪನಿಯಿರಲಿ, ಈ ಎರಡನೆಯ ಗಡುವನ್ನು ಪಾಲಿಸುವ ಸಾಧನ ಬೇಕಾಗಿದೆ.

ಅಂತಹ ಸಾಧನವೊಂದು ಈಗ ಸಣ್ಣ ಸಂಸ್ಥೆಗಳ ಕೈಗೂ ಎಟಕುವಂತಾಗಿದೆ. ಕಂಪ್ಯೂಟರಿನ ಭಾಷೆಯನ್ನು ಅರಿಯದವರೂ ತಮ್ಮ ಕಚೇರಿಗೆ ಬೇಕಾದ ಆ್ಯಪನ್ನು ತಾವೇ ಜೋಡಿಸಿಕೊಳ್ಳಬಹುದಾದ ಈ ವಿಧಾನಕ್ಕೆ ನೋ-ಕೋಡ್ ಎಂದು ಹೆಸರು. ಚೆನ್ನೈ ಮೂಲದ ಜೋಹೋ ಸಂಸ್ಥೆಯು ೨೦೦೬ರಲ್ಲಿಯೇ ಕ್ರಿಯೇಟರ್ ಎಂಬುದನ್ನು ಹೊರತಂದಿತು. ಮೈಕ್ರೋಸಾಫ್ಟಿನ ಪವರ್ ಆ್ಯಪ್ಸ್ ೨೦೧೬ರಲ್ಲಿ ಎಲ್ಲರ ಬಳಕೆಗೆ ಬಂದಿತು. ಗೂಗಲ್ ಸಂಸ್ಥೆಯು ೨೦೨೦ರಲ್ಲಿ ಆ್ಯಪ್‌ಶೀಟ್ ಎಂಬ ಕಂಪನಿಯನ್ನು ಕೊಂಡುಕೊಂಡಿತು.

ಇದರ ರಚನೆಯಲ್ಲಿ ಮೂರು ಅಂಗಗಳು. ಮೊದಲನೆಯದು ಕೋಷ್ಟಕ, ನೌಕರನ ಹೆಸರು, ದಿನಾಂಕ, ಸ್ಥಳ, ಕಾರಣ, ಮೊತ್ತ ಇವುಗಳನ್ನು ದಾಖಲಿಸುವ ಖಾತೆ. ಎರಡನೆಯದು ನಮೂನೆ, ಮೊಬೈಲಿನಲ್ಲಿ ನೌಕರನು ತುಂಬತಕ್ಕದ್ದು. ಮೂರನೆಯದು ನಡೆಯ ನಿಯಮ. ಇಂತಿಷ್ಟು ಮೊತ್ತದೊಳಗಿನ ಬಿಲ್ಲು ಶಾಖಾಧಿಕಾರಿಗೆ, ಮೀರಿದುದು ಮೇಲಿನವರಿಗೆ, ಮಂಜೂರಾದುದು ಲೆಕ್ಕದ ವಿಭಾಗಕ್ಕೆ ಹೋಗತಕ್ಕದ್ದೆಂಬ ಆಜ್ಞೆ. ಹುಬ್ಬಳ್ಳಿಯಿಂದ ಬೆಳಗಾವಿಗೆ ಹೋದ ನೌಕರನು ಅಲ್ಲಿಯ ವಸತಿಗೃಹದಿಂದ ಹೊರಬೀಳುವ ಮುನ್ನವೇ ರಸೀದಿಯ ಚಿತ್ರ ತೆಗೆದು ಕಳುಹಿಸಬಹುದು. ಮೊತ್ತವು ಮಿತಿ ಮೀರಿದ್ದರೆ ಆ್ಯಪು ಆ ಕ್ಷಣದಲ್ಲಿಯೇ ತಿಳಿಸುತ್ತದೆ. ಅಧಿಕಾರಿಯು ಮೂರು ದಿನ ಸುಮ್ಮನಿದ್ದರೆ ಅವರಿಗೆ ನೆನಪೋಲೆ ಹೋಗುವಂತೆಯೂ, ಏಳು ದಿನವಾದರೆ ಅವರ ಮೇಲಿನವರಿಗೆ ತಿಳಿಯುವಂತೆಯೂ ಏರ್ಪಡಿಸಬಹುದು. ಬಿಲ್ಲು ಎಲ್ಲಿದೆಯೆಂದು ನೌಕರನು ಯಾರನ್ನೂ ಬೇಡದೆ ತಾನೇ ನೋಡಿಕೊಳ್ಳುತ್ತಾನೆ.

ಪ್ರಯೋಜನವು ಒಂದೇ ಪಕ್ಷಕ್ಕಲ್ಲ. ಇಂದಿನ ಬಹಳಷ್ಟು ರಸೀದಿಗಳು ಶಾಖದಿಂದ ಅಕ್ಷರ ಮೂಡುವ ಕಾಗದದವು; ಕೆಲವು ತಿಂಗಳಲ್ಲಿ ಅಕ್ಷರ ಮಾಸಿ ಬರಿಯ ಬಿಳಿಯ ಚೀಟಿ ಉಳಿಯುತ್ತದೆ. ಅಂದೇ ತೆಗೆದ ಚಿತ್ರವು ಮಾಸುವುದಿಲ್ಲ. ಯಾರು ಯಾವ ಗಳಿಗೆಯಲ್ಲಿ ಒಪ್ಪಿದರು, ಯಾರು ತಿದ್ದಿದರು ಎಂಬುದು ದಾಖಲಾಗುವಂತೆ ಮಾಡಿದರೆ ಲೆಕ್ಕಪರಿಶೋಧಕನಿಗೆ ಅನುಕೂಲ. ಒಂದೇ ರಸೀದಿಯನ್ನು ಎರಡು ಸಲ ಒಪ್ಪಿಸುವ ಕುಯುಕ್ತಿಯೂ ಸುಲಭವಾಗಿ ಬೆಳಕಿಗೆ ಬರುತ್ತದೆ.

ಇಷ್ಟು ಹೇಳಿ ಮುಗಿಸಿದರೆ ಇದು ಜಾಹೀರಾತಾದೀತು. ಅಪಾಯಗಳನ್ನೂ ವಿಚಾರವಂತರು ತಿಳಿದಿರಬೇಕು. ಡೊಂಕಾದ ನಿಯಮವನ್ನು ಯಂತ್ರಕ್ಕೊಪ್ಪಿಸಿದರೆ ಅದು ನೆಟ್ಟಗಾಗುವುದಿಲ್ಲ, ವೇಗವಾಗಿ ಡೊಂಕಾಗುತ್ತದಷ್ಟೆ. ಹಳ್ಳಿಯ ಆಟೋದವನು ರಸೀದಿ ಕೊಡುವುದಿಲ್ಲ. ರಸೀದಿಯಿಲ್ಲದೆ ಮುಂದೆ ಸಾಗಗೊಡದ ನಮೂನೆಯು ಸತ್ಯವಂತನಿಗೆ ನಷ್ಟವನ್ನೂ ಉಳಿದವನಿಗೆ ಸುಳ್ಳು ಚೀಟಿಯ ಪಾಠವನ್ನೂ ಕೊಡುತ್ತದೆ. ಇನ್ನು, ಆ್ಯಪನ್ನು ಜೋಡಿಸಿದ ಉತ್ಸಾಹಿಯು ವರ್ಗವಾಗಿ ಹೋದರೆ ಅದು ತಬ್ಬಲಿಯಾಗುತ್ತದೆ. ದರವು ಬದಲಾದಾಗ ತಿದ್ದಬಲ್ಲವರೇ ಇರುವುದಿಲ್ಲ.

ಗೌಪ್ಯದ ಪ್ರಶ್ನೆಯು ಇದಕ್ಕಿಂತಲೂ ದೊಡ್ಡದು. ಒಬ್ಬನು ಎಲ್ಲಿ ತಂಗಿದನು, ಅವನ ಬ್ಯಾಂಕಿನ ಖಾತೆ ಯಾವುದು ಎಂಬುದೆಲ್ಲವೂ ಈ ಕೋಷ್ಟಕದಲ್ಲಿರುತ್ತದೆ. ೨೦೨೧ರಲ್ಲಿ ಅಪ್‌ಗಾರ್ಡ್ ಎಂಬ ಭದ್ರತಾ ಸಂಸ್ಥೆಯು ಪ್ರಕಟಿಸಿದ ಸಂಗತಿ ಕಣ್ತೆರೆಸತಕ್ಕದ್ದು: ಪವರ್ ಆ್ಯಪ್ಸ್‌ನಿಂದ ರಚಿಸಿದ ಜಾಲತಾಣಗಳಲ್ಲಿ ಅನುಮತಿಯ ಏರ್ಪಾಡು ಸರಿಯಾಗಿರದೆ, ೪೭ ಸಂಸ್ಥೆಗಳ ಸುಮಾರು ೩ ಕೋಟಿ ೮೦ ಲಕ್ಷ ದಾಖಲೆಗಳು ಯಾರು ಬೇಕಾದರೂ ನೋಡುವಂತೆ ತೆರೆದಿದ್ದವು. ಅವುಗಳಲ್ಲಿ ಅಮೆರಿಕದ ಸರ್ಕಾರಿ ಕಚೇರಿಗಳೂ ಇದ್ದವು. ಅನಂತರ ಮೈಕ್ರೋಸಾಫ್ಟ್ ಈ ಏರ್ಪಾಡನ್ನು ಬಿಗಿಗೊಳಿಸಿತು. ಮನೆಯನ್ನು ತಾನೇ ಕಟ್ಟಿಕೊಂಡವನು ಬಾಗಿಲಿಗೆ ಅಗಳಿಯನ್ನೂ ತಾನೇ ಹಾಕಬೇಕೆಂಬುದು ಇದರ ಪಾಠ.

ಕೊನೆಯದಾಗಿ, ಯಂತ್ರದ ಮಾತೇ ವೇದವಾಕ್ಯವಾಗಬಾರದು. ಬ್ರಿಟನ್ನಿನ ಅಂಚೆ ಸಂಸ್ಥೆಯಲ್ಲಿ ಹೊರೈಜನ್ ಎಂಬ ಲೆಕ್ಕದ ಯಂತ್ರವ್ಯವಸ್ಥೆಯಿತ್ತು. ಅದು ನೋ-ಕೋಡ್ ವಿಧಾನದ್ದಲ್ಲ. ಆದರೂ ಅದರ ಕಥೆ ಇಲ್ಲಿಗೆ ಪ್ರಸ್ತುತ. ೧೯೯೯ರಿಂದ ೨೦೧೫ರವರೆಗೆ ಅದು ತೋರಿಸಿದ ಕೊರತೆಗಳನ್ನು ನಂಬಿ, ಅಂಚೆ ಶಾಖೆಗಳನ್ನು ನಡೆಸುತ್ತಿದ್ದ ೯೦೦ಕ್ಕೂ ಹೆಚ್ಚು ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ತಪ್ಪು ನಮ್ಮದಲ್ಲವೆಂದು ಅವರು ಮೊರೆಯಿಟ್ಟರೂ ಕೇಳಿದವರಿಲ್ಲ. ಕೊನೆಗೆ ೨೦೨೪ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿ ಆ ತೀರ್ಪುಗಳನ್ನು ಸಾಮೂಹಿಕವಾಗಿ ರದ್ದುಪಡಿಸಬೇಕಾಯಿತು. ಬಿಲ್ಲನ್ನು ಯಂತ್ರವು ತಿರಸ್ಕರಿಸಿದಾಗ ನೌಕರನ ಅಹವಾಲನ್ನು ಕೇಳುವ ಒಬ್ಬ ಮನುಷ್ಯನಿರಲೇಬೇಕು. ಅವನ ಹೆಸರು ಆ ನಮೂನೆಯಲ್ಲಿಯೇ ಇರಬೇಕು.

ಆದುದರಿಂದ ಈ ದಾರಿಯನ್ನು ಹಿಡಿಯುವ ಕಚೇರಿಗಳು ಕೆಲವು ಸಂಗತಿಗಳನ್ನು ಮರೆಯಬಾರದು. ನಿಯಮಗಳನ್ನು ಮೊದಲು ಕಾಗದದ ಮೇಲೆ ಸ್ಪಷ್ಟವಾಗಿ ಬರೆಯಲಿ. ಅನಂತರ ಆ್ಯಪಿಗೆ ಇಳಿಸಲಿ. ತನ್ನ ಬಿಲ್ಲನ್ನು ತಾನೇ ಮಂಜೂರು ಮಾಡುವ ಅಧಿಕಾರ ಯಾರಿಗೂ, ಮುಖ್ಯಾಧಿಕಾರಿಗೂ, ಬೇಡ. ಆ್ಯಪನ್ನು ತಿದ್ದಬಲ್ಲವರು ಇಬ್ಬರಾದರೂ ಇರಲಿ. ರಸೀದಿ ದೊರೆಯದ ಸಣ್ಣ ಖರ್ಚಿಗೆ ನೌಕರನ ಸಹಿಯುಳ್ಳ ಹೇಳಿಕೆಯೇ ಸಾಕೆಂದಾಗಲಿ. ನಮೂನೆಯು ಕನ್ನಡದಲ್ಲಿರಲಿ, ನಮೂನೆಯ ಪದಗಳನ್ನು ನಾವೇ ಬರೆಯುವ ವಿಧಾನದಲ್ಲಿ ಇಂಗ್ಲಿಷಿಗೆ ಜೋತುಬೀಳಲು ಯಾವ ನೆಪವೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಣ ಸಂದಾಯಕ್ಕೆ ಒಂದು ಗಡುವನ್ನು ಗೊತ್ತುಮಾಡಿ ಅದನ್ನು ನಮೂನೆಯ ತಲೆಯ ಮೇಲೆಯೇ ಅಚ್ಚೊತ್ತಲಿ.

ಅನುಮಾನದಿಂದ ನೋಡಲ್ಪಟ್ಟವನು ಪ್ರಾಮಾಣಿಕನಾಗಿರಲು ಬಹುಕಾಲ ಕಷ್ಟಪಡುವುದಿಲ್ಲ. ಸಕಾಲಕ್ಕೆ ತನ್ನ ಹಣ ಬರುವುದೆಂಬ ಭರವಸೆಯುಳ್ಳವನು ಎರಡು ರೂಪಾಯಿ ಹೆಚ್ಚಿಗೆ ಬರೆಯುವ ಗೋಜಿಗೆ ಹೋಗಲಾರನು. ಕೈಗಡವನ್ನು ಹೊತ್ತಿಗೆ ಸರಿಯಾಗಿ ತೀರಿಸುವುದು ಗೃಹಸ್ಥನಿಗೆ ಹೇಗೆ ಮರ್ಯಾದೆಯೋ, ಕಚೇರಿಗೂ ಹಾಗೆಯೇ ಮರ್ಯಾದೆ.