ದಾದಾರ ಕಣ್ಣು, ನನ್ನ ಎಲ್ ಬೋರ್ಡ್

ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಕಾಲೇಜು ಗೇಟಿನ ಎದುರು ಐದು ನಿಮಿಷ ನಿಂತು ನೋಡಿ. ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಹಿಡಿದು ಮುಂದಿನ ಚಕ್ರವನ್ನೇ ನೋಡುತ್ತಾ ಬರುವವರು ಹೊಸಬರು. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಮಕ್ಕಳನ್ನು ಬಿಡಲು ಬರುವವರು ನಮ್ಮ ಅಪ್ಪಂದಿರು. ಇವರಿಬ್ಬರೂ ಹಾರ್ನ್ ಹೊಡೆಯುತ್ತಿರುವುದು ಅವರ ಮುಂದೆ ಇಪ್ಪತ್ತರ ವೇಗದಲ್ಲಿ ಹೋಗುತ್ತಿರುವ ಒಬ್ಬ ಹಿರಿಯರಿಗೆ. ಈ ಮೂರೂ ಬಗೆಯವರು ನಮ್ಮ ಮನೆಯಲ್ಲೇ ಇದ್ದಾರೆ. ಹಾಗಾಗಿ ಈ ಲೇಖನ ಬರೆಯಲು ಬಹಳ ದೂರ ಹೋಗಬೇಕಾಗಲಿಲ್ಲ.

ನಮ್ಮ ದಾದಾಗೆ ಈಗ 73 ವರ್ಷ. ಹದಿನಾರನೇ ವಯಸ್ಸಿಗೆ ಲಾರಿ ಕ್ಲೀನರ್ ಆಗಿ ಸೇರಿದವರು, ಆಮೇಲೆ ಡ್ರೈವರ್ ಆಗಿ ಇಪ್ಪತ್ತೈದು ವರ್ಷ ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಆಲೂಗಡ್ಡೆ ಒಯ್ದರು, ಬರುವಾಗ ಹೆಂಚು ತುಂಬಿಕೊಂಡು ಬಂದರು. ಕ್ಲೀನರ್ ಕೆಲಸ ಎಂದರೆ ಗಾಡಿ ತೊಳೆಯುವುದು ಮಾತ್ರವಲ್ಲ. ಏರಿನಲ್ಲಿ ಲಾರಿ ನಿಂತರೆ ಇಳಿದು ಓಡಿ ಹಿಂದಿನ ಚಕ್ರಕ್ಕೆ ಕಲ್ಲು ಅಥವಾ ಮರದ ತುಂಡು ಕೊಡಬೇಕಿತ್ತು. ಆ ಕಾಲದ ಲಾರಿಗಳ ಗೇರ್ ಸುಲಭವಾಗಿ ಬೀಳುತ್ತಿರಲಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಕೊಟ್ಟು ಎಂಜಿನ್ ವೇಗ ಸರಿಹೊಂದಿಸಿ, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್ ಹಾಕಬೇಕು. ಇದನ್ನು ಡಬಲ್ ಕ್ಲಚ್ ಎನ್ನುತ್ತಾರೆ. ಈಗಿನ ಗೇರ್‌ಬಾಕ್ಸ್‌ನಲ್ಲಿರುವ ಸಿಂಕ್ರೊಮೆಶ್ ಎಂಬ ಭಾಗ ಆ ಕೆಲಸವನ್ನು ತಾನೇ ಮಾಡುತ್ತದೆ. ದಾದಾ ಈಗಲೂ ಮನೆಯ ಓಮ್ನಿಯಲ್ಲಿ ಅಭ್ಯಾಸಬಲದಿಂದ ಡಬಲ್ ಕ್ಲಚ್ ಮಾಡುತ್ತಾರೆ. ಅಬ್ಬು ನಗುತ್ತಾರೆ.

ಆದರೆ ಅವರ ಇನ್ನೊಂದು ಅಭ್ಯಾಸಕ್ಕೆ ಯಾರೂ ನಗುವುದಿಲ್ಲ. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಲಾರಿಯವರ ಲೆಕ್ಕ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತಾ ಹೋದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಕಿರಿದಾದ ಘಾಟಿಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಎಂಬುದು ಕಾನೂನಿನಲ್ಲೇ ಇದೆ. ಭಾರ ಹೊತ್ತ ಗಾಡಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಎಷ್ಟು ಕಷ್ಟ ಎಂದು ಕಲ್ಲು ಕೊಟ್ಟ ಕ್ಲೀನರ್‌ಗಳಿಗೆ ಗೊತ್ತು.

ಈಗ ಹೊಸಬರ ವಿಷಯಕ್ಕೆ ಬರುತ್ತೇನೆ, ಅಂದರೆ ನಮ್ಮ ವಿಷಯಕ್ಕೆ. ಕಳೆದ ವರ್ಷ ಕೆ.ಎಸ್.ಆರ್.ಟಿ.ಸಿ. ಡಿಪೊ ಹಿಂದಿನ ಖಾಲಿ ಮೈದಾನದಲ್ಲಿ ದಾದಾ ನನ್ನನ್ನು ಓಮ್ನಿಯಲ್ಲಿ ಕೂರಿಸಿ ಸ್ವಲ್ಪ ಹೊತ್ತು ಸ್ಟೀರಿಂಗ್ ಕೊಟ್ಟರು. ನಾನು ಗಾಡಿಯ ಮುಂದಿನ ಹತ್ತು ಅಡಿ ನೆಲವನ್ನೇ ನೋಡುತ್ತಿದ್ದೆ. ದಾದಾ ನಮ್ಮ ದಖ್ಖನಿಯಲ್ಲಿ ಒಂದೇ ಮಾತನ್ನು ಹತ್ತು ಸಲ ಹೇಳಿದರು: 'ನಜದೀಕ್ ನಕ್ಕೊ ದೇಖ್, ದೂರ್ ದೇಖ್.' ಹತ್ತಿರ ನೋಡಬೇಡ, ದೂರ ನೋಡು ಎಂದು. ಆಮೇಲೆ ಓದಿದಾಗ ಗೊತ್ತಾಯಿತು, 1972ರಲ್ಲಿ ಅಮೆರಿಕದಲ್ಲಿ ಮೌರಂಟ್ ಮತ್ತು ರಾಕ್‌ವೆಲ್ ಎಂಬ ಇಬ್ಬರು ಸಂಶೋಧಕರು ಹೊಸ ಚಾಲಕರ ಮತ್ತು ಅನುಭವಿಗಳ ಕಣ್ಣಿನ ಚಲನೆಯನ್ನು ದಾಖಲಿಸಿ ಇದನ್ನೇ ಕಂಡುಕೊಂಡಿದ್ದರು. ಹೊಸಬರ ದೃಷ್ಟಿ ಗಾಡಿಯ ಹತ್ತಿರವೇ ಅಂಟಿಕೊಂಡಿರುತ್ತದೆ, ಕನ್ನಡಿಯನ್ನು ಕಡಿಮೆ ನೋಡುತ್ತಾರೆ. ಅನುಭವಿಗಳ ಕಣ್ಣು ದೂರಕ್ಕೂ ಅಗಲಕ್ಕೂ ಓಡಾಡುತ್ತದೆ.

ಏಕೆ ದೂರ ನೋಡಬೇಕು ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಯ ಕಂಡು, ಅದು ಅಪಾಯ ಎಂದು ಅರ್ಥವಾಗಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದರೆ ಗಾಡಿ 25 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿಯುವುದು ಆಮೇಲೆ. ಅದೂ ವೇಗ ಎರಡರಷ್ಟಾದರೆ ಬ್ರೇಕಿಗೆ ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ನಾವು ಕಾಮರ್ಸ್‌ನವರು ಕಲಿಯುವ ಯಾವ ಬಡ್ಡಿ ಲೆಕ್ಕಕ್ಕಿಂತಲೂ ಇದು ಕಠೋರ. ಹದಿನೆಂಟು ವರ್ಷದವರ ಕೈಕಾಲು ಚುರುಕು, ನಿಜ. ಆದರೆ ಆ ಅರ್ಧ ಸೆಕೆಂಡಿನ ಚುರುಕನ್ನು ಹತ್ತು ಕಿಲೋಮೀಟರ್ ಹೆಚ್ಚು ವೇಗ ತಿಂದುಬಿಡುತ್ತದೆ. ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಸುಮಾರು ಮೂರನೇ ಎರಡು ಪಾಲು 18ರಿಂದ 45 ವರ್ಷದವರು.

ಇಲ್ಲೊಂದು ತಪ್ಪೊಪ್ಪಿಗೆ ಇದೆ. ನಾನೂ ಎರಡು ಸಲ ಅಮ್ಮಿಯ ಸ್ಕೂಟರ್ ತೆಗೆದುಕೊಂಡು ಟ್ಯೂಷನ್‌ಗೆ ಹೋಗಿದ್ದೆ. 'ಗೇರ್ ಇಲ್ಲದ ಗಾಡಿಗೆ ಹದಿನಾರು ಆದರೆ ಸಾಕು' ಎಂದು ನಮ್ಮ ಕ್ಲಾಸಿನಲ್ಲಿ ಎಲ್ಲರೂ ನಂಬಿದ್ದಾರೆ. ಅದು ಅರ್ಧ ಸತ್ಯ. ಹದಿನಾರರ ಅವಕಾಶ ಇರುವುದು 50 ಸಿಸಿ ಮೀರದ ಗಾಡಿಗೆ ಮಾತ್ರ, ಅದಕ್ಕೂ ಲೈಸೆನ್ಸ್ ಬೇಕು. ನಮ್ಮ ಮನೆಗಳಲ್ಲಿ ಇರುವುದೆಲ್ಲ 110, 125 ಸಿಸಿಯವು. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ದಾದಾ ನನಗೆ ಓದಿಸಿದರು, ಜೋರಾಗಿ, ಅಮ್ಮಿಯ ಎದುರು. ಜೈಲು ಎಂಬ ಪದ ಬಂದಾಗ ಅಮ್ಮಿಯ ಮುಖ ನೋಡಿದ ಮೇಲೆ ನಾನು ಸ್ಕೂಟರ್ ಕೀ ಮುಟ್ಟಿಲ್ಲ.

ಮಧ್ಯವಯಸ್ಸಿನವರು ಅಂಕಿ-ಅಂಶಗಳ ಪ್ರಕಾರ ಎಲ್ಲರಿಗಿಂತ ಸುರಕ್ಷಿತ ಚಾಲಕರು. ಅಮೆರಿಕದಂತಹ ದೇಶಗಳಲ್ಲಿ ಓಡಿಸಿದ ದೂರಕ್ಕೆ ಹೋಲಿಸಿ ಅಪಘಾತದ ಗ್ರಾಫ್ ಬರೆದರೆ ಅದು ಇಂಗ್ಲಿಷಿನ ಯು ಅಕ್ಷರದಂತಿರುತ್ತದೆ. ಹದಿಹರೆಯದಲ್ಲಿ ಮೇಲೆ, ನಡುವೆ ಕೆಳಗೆ, ಎಪ್ಪತ್ತು ದಾಟಿದ ಮೇಲೆ ಮತ್ತೆ ಮೇಲೆ. ಅಬ್ಬು ಆ ತಗ್ಗಿನಲ್ಲಿದ್ದಾರೆ. ಗೇರ್, ಕ್ಲಚ್ ಎಲ್ಲ ಯೋಚಿಸದೆ ಆಗುತ್ತದೆ. ತೊಂದರೆ ಏನೆಂದರೆ, ಯೋಚಿಸದೆ ಓಡಿಸಲು ಬರುತ್ತದೆ ಎಂದ ಮೇಲೆ ಆ ಯೋಚನೆ ಅಂಗಡಿಯ ಸ್ಟಾಕ್ ಕಡೆಗೂ ಫೋನಿನ ಕಡೆಗೂ ಹೋಗುತ್ತದೆ. (ಅಬ್ಬು ಈ ಪತ್ರಿಕೆ ಓದುತ್ತಾರೆ. ಓದಲಿ.)

ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವ ಮಾತೆಲ್ಲ ಯು ಅಕ್ಷರದ ಆ ಕೊನೆಯ ತುದಿಯದು. ಎರಡು ತಿಂಗಳ ಹಿಂದೆ ದಾದಾ ಫಜರ್ ನಮಾಜಿಗೆ ಮಸೀದಿಗೆ ಹೋಗುವಾಗ ರಸ್ತೆ ಬದಿ ನಿಲ್ಲಿಸಿದ್ದ ತಳ್ಳುಗಾಡಿಗೆ ಓಮ್ನಿ ತಾಗಿಸಿದರು. ಯಾರಿಗೂ ಏನೂ ಆಗಲಿಲ್ಲ, ಒಂದು ಕನ್ನಡಿ ಒಡೆಯಿತು. ಬೆಳಿಗ್ಗೆ ಅವರು ತಳ್ಳುಗಾಡಿಯವನದೇ ತಪ್ಪು ಎಂದರು. ಮಗ್ರಿಬ್ ಆದ ಮೇಲೆ ನನ್ನೊಬ್ಬರ ಹತ್ತಿರ, ಎದುರಿನ ಬೈಕಿನ ಲೈಟ್ ಕಣ್ಣಿಗೆ ಬಿದ್ದ ಮೇಲೆ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ ಎಂದರು.

ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲೆಯಲ್ಲಿ ಮೊದಲಿನಷ್ಟು ಅಗಲವಾಗುವುದಿಲ್ಲ, ಒಳಗಿನ ಮಸೂರ ಹಳದಿಯಾಗುತ್ತಾ ಮಂದವಾಗುತ್ತದೆ. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ ಬೆಳಕು ಮಾತ್ರ ಮುಟ್ಟುತ್ತದೆ ಎನ್ನುತ್ತಾರೆ. ಪೊರೆ ಬಂದರೆ ಎದುರಿನ ಲೈಟಿನ ಬೆಳಕು ಒಳಗೆ ಚದುರಿ ಸುತ್ತಲೂ ಬಳೆಯಂತೆ ಹರಡುತ್ತದೆ. ಬಿದ್ದ ಬೆಳಕಿನಿಂದ ಚೇತರಿಸಿಕೊಳ್ಳಲೂ ಹೆಚ್ಚು ಸಮಯ ಬೇಕು. ದಾದಾಗೆ ಎರಡೂ ಕಣ್ಣಿನಲ್ಲಿ ಪೊರೆ ಇತ್ತು.

ವಿಚಿತ್ರವೆಂದರೆ ಅವರಿಗೆ ಅದು ಒಳಗೊಳಗೇ ಗೊತ್ತಿತ್ತು. ಒಂದು ವರ್ಷದಿಂದ ಅವರು ಮಳೆಯಲ್ಲಿ ಗಾಡಿ ತೆಗೆಯುತ್ತಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಬಲಕ್ಕೆ ತಿರುಗಬೇಕಾದರೆ ತಿರುಗದೆ ಮುಂದಿನ ಸರ್ಕಲ್‌ವರೆಗೆ ಹೋಗಿ ಸುತ್ತಿ ಬರುತ್ತಿದ್ದರು. ನಾವು ತಮಾಷೆ ಮಾಡುತ್ತಿದ್ದೆವು. ಎದುರಿನಿಂದ ಬರುವ ಗಾಡಿಗಳ ವೇಗ, ಅಂತರ ಎರಡನ್ನೂ ಒಟ್ಟಿಗೆ ಅಂದಾಜಿಸಿ ಅಡ್ಡ ದಾಟುವ ತಿರುವೇ ಹಿರಿಯ ಚಾಲಕರಿಗೆ ಅತಿ ಕಷ್ಟದ್ದು, ಅನೇಕ ಹಿರಿಯರು ತಾವಾಗಿಯೇ ಅದನ್ನು ತಪ್ಪಿಸುತ್ತಾರೆ ಎಂದು ಓದಿದ ಮೇಲೆ ನನಗೆ ನಾಚಿಕೆಯಾಯಿತು. ಅದು ನಿಧಾನಗತಿಯಲ್ಲ, ಲೆಕ್ಕಾಚಾರ.

ಜಪಾನಿನಲ್ಲಿ 1972ರಿಂದ ಹೊಸ ಚಾಲಕರ ಕಾರಿಗೆ ಚಿಗುರೆಲೆಯ ಗುರುತು ಹಚ್ಚುತ್ತಾರೆ. 1997ರಲ್ಲಿ ಹಿರಿಯ ಚಾಲಕರಿಗೂ ಒಂದು ಗುರುತು ತಂದರು. ಕೇಸರಿ, ಹಳದಿ ಬಣ್ಣದ ಅದನ್ನು ಜನ ಉದುರಿದ ಎಲೆ ಎಂದು ಕರೆದರು. ಹಿರಿಯರಿಗೆ ಬೇಸರವಾಗಿ 2011ರಲ್ಲಿ ಅದನ್ನು ಬದಲಿಸಿ ನಾಲ್ಕೆಸಳಿನ ಬಣ್ಣದ ಎಲೆ ಮಾಡಿದರು. ಹಣ್ಣೆಲೆ ಉದುರುವಾಗ ಕಾಯೆಲೆ ನಗುವ ನಮ್ಮ ಗಾದೆ ಅಲ್ಲಿಯವರಿಗೂ ಅರ್ಥವಾಗಿರಬೇಕು.

ನಮ್ಮಲ್ಲಿ 55 ದಾಟಿದ ಮೇಲೆ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಿಸಬೇಕು, 40 ದಾಟಿದವರು ವೈದ್ಯರಿಂದ ಫಾರಂ 1ಎ ತರಬೇಕು. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಗುರುತಿಸಲು ಬರುತ್ತದೆಯೇ ಎಂಬುದು ಅದರಲ್ಲಿನ ಒಂದು ಪ್ರಶ್ನೆ. ಹಗಲಲ್ಲಿ ದಾದಾ ಓದುತ್ತಾರೆ. ಅವರ ಕಷ್ಟ ಬೆಳಗಿನ ಐದು ಗಂಟೆಯದು.

ದಾದಾರ ಲೈಸೆನ್ಸ್ ಜನವರಿಗೆ ಮುಗಿಯುತ್ತದೆ. ಇನ್ನು ಸಾಕು, ನವೀಕರಿಸುವುದು ಬೇಡ ಎನ್ನುತ್ತಾರೆ ಅಬ್ಬು. ಓಮ್ನಿಯ ಕೀಯನ್ನು ತಳ್ಳುಗಾಡಿಯ ಘಟನೆಯ ವಾರವೇ ದಾದಾ ತಾವಾಗಿ ಅಮ್ಮಿಯ ಕೈಗೆ ಕೊಟ್ಟಿದ್ದಾರೆ, ಫಜರಿಗೆ ನಡೆದೇ ಹೋಗುತ್ತಾರೆ. ಆದರೂ ನವೀಕರಣಕ್ಕೆ ಹಟ ಹಿಡಿದಿದ್ದಾರೆ. ಕಾರಣ ನಾನು. ಮಾರ್ಚಿನಲ್ಲಿ ನನಗೆ ಹದಿನೆಂಟು. ಎಲ್ ಬೋರ್ಡ್ ಹಾಕಿ ಕಾರು ಕಲಿಯುವವರ ಪಕ್ಕದಲ್ಲಿ ಚಾಲ್ತಿಯಲ್ಲಿರುವ ಲೈಸೆನ್ಸ್ ಉಳ್ಳವರು ಕೂರಬೇಕು ಎಂಬುದು ನಿಯಮ. ಲೈಸೆನ್ಸ್ ಮುಗಿದರೆ, ಶಿರಾಡಿ ಘಾಟಿಯನ್ನು ಲೆಕ್ಕವಿಲ್ಲದಷ್ಟು ಸಲ ಹತ್ತಿಳಿದವರಿಗೆ ನನ್ನ ಪಕ್ಕ ಕೂರುವ ಹಕ್ಕಿಲ್ಲ.

ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆ. ಇನ್ನೊಂದು ಡಿಸೆಂಬರಿನಲ್ಲಿ. ಫಾರಂ 1ಎ ಟಿವಿ ಮೇಲಿನ ಶೆಲ್ಫಿನಲ್ಲಿದೆ, ಅದರ ಮೇಲೆ ದಾದಾರ ಕಣ್ಣಿನ ಡ್ರಾಪ್ಸ್ ಬಾಟಲಿ ಇಟ್ಟಿದೆ. ದಿನಕ್ಕೆ ನಾಲ್ಕು ಸಲ ಹಾಕುವ ಕೆಲಸ ನನ್ನದು.