ಬೆವರಿಗೂ ಲೆಕ್ಕವಿಟ್ಟ ಮೇಷ್ಟರು

1992ರ ಜುಲೈ 29. ಬಾರ್ಸಿಲೋನಾ ಒಲಿಂಪಿಕ್ಸ್‌ನ ಸೈಕಲ್ ಟ್ರ್ಯಾಕ್‌ನಲ್ಲಿ 4,000 ಮೀಟರ್ 'ಪರ್ಸ್ಯೂಟ್' ಸ್ಪರ್ಧೆಯ ಅಂತಿಮ ಹಣಾಹಣಿ. ಇದೊಂದು ವಿಚಿತ್ರ ಸ್ಪರ್ಧೆ. ಇಬ್ಬರು ಸವಾರರು ಟ್ರ್ಯಾಕ್‌ನ ಎದುರುಬದುರು ಬದಿಗಳಿಂದ ಏಕಕಾಲಕ್ಕೆ ಹೊರಡುತ್ತಾರೆ. ನಿಗದಿತ ದೂರವನ್ನು ಕಡಿಮೆ ಸಮಯದಲ್ಲಿ ಕ್ರಮಿಸಿದವನಿಗೆ ಗೆಲುವು. ಒಬ್ಬ ಇನ್ನೊಬ್ಬನನ್ನು ಬೆನ್ನಟ್ಟಿ ಹಿಡಿದುಬಿಟ್ಟರೆ ಆಟ ಅಲ್ಲಿಗೇ ಮುಗಿಯಿತು. ಒಲಿಂಪಿಕ್ ಅಂತಿಮ ಸುತ್ತಿನಲ್ಲಿ ಹಾಗೆ ಹಿಡಿಯುವುದು ಬಲು ಅಪರೂಪ. ಆದರೆ ಅಂದು ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್, ಹಿಂದಿನ ವರ್ಷದ ವಿಶ್ವ ಚಾಂಪಿಯನ್ ಜರ್ಮನಿಯ ಯೆನ್ಸ್ ಲೆಹ್ಮನ್‌ರನ್ನು ಹಿಡಿದೇಬಿಟ್ಟರು. ಬ್ರಿಟನ್ನಿಗೆ ಸೈಕ್ಲಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ಬಂದದ್ದು 72 ವರ್ಷಗಳ ನಂತರ!

ಗೆದ್ದವರು ಕೆಲಸವಿಲ್ಲದ ಒಬ್ಬ ಮರಗೆಲಸಗಾರ. ಅವರು ಏರಿದ್ದು ಲೋಟಸ್ ಕಾರು ಕಂಪನಿ ತಯಾರಿಸಿದ, ಕಾರ್ಬನ್ ನಾರಿನ ಕಪ್ಪು ಸೈಕಲ್. ಪತ್ರಿಕೆಗಳ ತುಂಬ ಆ ಸೈಕಲ್ಲಿನದೇ ಗುಣಗಾನ. ಗೆದ್ದದ್ದು ಮನುಷ್ಯನೋ ಯಂತ್ರವೋ ಎಂಬ ಚರ್ಚೆಯೂ ನಡೆಯಿತು. ಈ ಗದ್ದಲದಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದೆ ಉಳಿದವರು ಬೋರ್ಡ್‌ಮನ್‌ರ ತರಬೇತುದಾರ ಪೀಟರ್ ಕೀನ್. ಅವರು ವೃತ್ತಿಪರ ಸೈಕಲ್ ತಂಡದ ಯಜಮಾನರಲ್ಲ, ಕಾಲೇಜು ಮೇಷ್ಟರು.

ಪ್ರಯೋಗಾಲಯದಲ್ಲಿ ಸೈಕಲ್

ದಕ್ಷಿಣ ಇಂಗ್ಲೆಂಡಿನ ಚಿಚೆಸ್ಟರ್ ಪಟ್ಟಣದ ಕಾಲೇಜಿನಲ್ಲಿ ಕೀನ್ ಕ್ರೀಡಾ ವಿಜ್ಞಾನ ಬೋಧಿಸುತ್ತಿದ್ದರು. ಹುಡುಗನಾಗಿದ್ದಾಗ ತಾವೂ ಸೈಕಲ್ ಪಂದ್ಯಗಳಲ್ಲಿ ಭಾಗವಹಿಸಿದ್ದವರು. 1980ರ ದಶಕದ ಉತ್ತರಾರ್ಧದಲ್ಲಿ ಬೋರ್ಡ್‌ಮನ್ ಅವರ ಬಳಿಗೆ ಬಂದಾಗ ಗುರು ಶಿಷ್ಯನಿಗಿಂತ ಕೆಲವೇ ವರ್ಷ ದೊಡ್ಡವರು.

ಆವರೆಗೆ ಸೈಕಲ್ ತರಬೇತಿಯೆಂದರೆ ಹಿರಿಯರು ಹೇಳಿದ ಒಂದೇ ಮಂತ್ರ: ಇನ್ನಷ್ಟು ತುಳಿ, ಇನ್ನಷ್ಟು ದೂರ ಹೋಗು. ಕೀನ್ ಈ ಮಂತ್ರವನ್ನು ಪ್ರಶ್ನಿಸಿದರು. ಪಂದ್ಯ ನಾಲ್ಕೂವರೆ ನಿಮಿಷಗಳದ್ದಾದರೆ, ಐದು ಗಂಟೆ ನಿಧಾನವಾಗಿ ತುಳಿದು ಏನು ಪ್ರಯೋಜನ? ಮೊದಲು ಪಂದ್ಯಕ್ಕೆ ಬೇಕಾದ ವೇಗ ಎಷ್ಟೆಂದು ತಿಳಿಯಬೇಕು. ಆ ವೇಗಕ್ಕೆ ಕಾಲುಗಳು ಎಷ್ಟು ಶಕ್ತಿ ಒದಗಿಸಬೇಕು, ಈಗ ಎಷ್ಟು ಒದಗಿಸುತ್ತಿವೆ ಎಂದು ಅಳೆಯಬೇಕು. ಎರಡರ ನಡುವಿನ ಅಂತರವನ್ನು ತುಂಬುವುದೇ ತರಬೇತಿ.

ಅಳೆಯುವ ಬಗೆ ಹೀಗೆ. ನಿಂತಲ್ಲೇ ತುಳಿಯುವ ಯಂತ್ರದ ಮೇಲೆ ಸವಾರನನ್ನು ಕೂರಿಸಿ, ಹೊರೆಯನ್ನು ಹಂತಹಂತವಾಗಿ ಏರಿಸುತ್ತಾರೆ. ಇನ್ನು ಸಾಧ್ಯವೇ ಇಲ್ಲ ಎನ್ನುವವರೆಗೂ ಆತ ತುಳಿಯಬೇಕು. ಪ್ರತಿ ಹಂತದಲ್ಲೂ ಹೃದಯ ಬಡಿತ, ಶಕ್ತಿಯ ಪ್ರಮಾಣ ದಾಖಲಾಗುತ್ತವೆ. ಈ ಅಂಕಿಗಳ ಆಧಾರದ ಮೇಲೆ ಕೀನ್ ತರಬೇತಿಯನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದರು. ಯಾವ ದಿನ ಯಾವ ಮಟ್ಟದಲ್ಲಿ ಎಷ್ಟು ಹೊತ್ತು ತುಳಿಯಬೇಕೆಂಬುದು ಮೊದಲೇ ನಿಗದಿಯಾಗುತ್ತಿತ್ತು. ಸುಸ್ತಾಗುವುದೇ ಸಾಧನೆ ಎಂಬ ನಂಬಿಕೆಗೆ ಇಲ್ಲಿ ಜಾಗವಿರಲಿಲ್ಲ.

ಗಾಳಿಯೇ ಎದುರಾಳಿ

ಎದುರು ಗಾಳಿಗೆ ಸೈಕಲ್ ತುಳಿದವರಿಗೆಲ್ಲ ಗಾಳಿಯ ಹಟ ಗೊತ್ತು. ಗಾಳಿಯೇ ಬೀಸದಿದ್ದರೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಸವಾರನನ್ನು ತಡೆಯುವ ಬಲದಲ್ಲಿ ಹತ್ತಿರಹತ್ತಿರ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯದೇ. ವೇಗವನ್ನು ಶೇ 10ರಷ್ಟು ಹೆಚ್ಚಿಸಲು ಸುಮಾರು ಶೇ 33ರಷ್ಟು ಹೆಚ್ಚಿನ ಶಕ್ತಿ ಬೇಕು. ಆದ್ದರಿಂದ ಸವಾರ ಬೆನ್ನು ಬಾಗಿಸಿ, ಕೈಗಳನ್ನು ಮುಂದಕ್ಕೆ ಜೋಡಿಸಿ ಗಾಳಿಗೆ ಒಡ್ಡುವ ಮೈಯನ್ನು ಕಿರಿದುಗೊಳಿಸುವುದೂ ತರಬೇತಿಯಷ್ಟೇ ಮುಖ್ಯ.

ಯಂತ್ರದ ಪಾಲು ಎಷ್ಟು ಎಂಬುದಕ್ಕೆ ಬೋರ್ಡ್‌ಮನ್‌ರ ಬದುಕೇ ಉತ್ತರ ಕೊಟ್ಟಿತು. ಒಂದು ಗಂಟೆಯಲ್ಲಿ ಎಷ್ಟು ದೂರ ಎಂಬ ದಾಖಲೆಗಾಗಿ ಅವರು 1996ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ 56.375 ಕಿ.ಮೀ. ಕ್ರಮಿಸಿದರು. ಬಳಿಕ ನಿಯಮ ಬದಲಾಯಿತು. ಹಳೆಯ ಮಾದರಿಯ ಸೈಕಲ್ಲನ್ನೇ ಬಳಸಬೇಕೆಂದಾಯಿತು. 2000ದಲ್ಲಿ ಅದೇ ಊರಿನಲ್ಲಿ ಹಳೆಯ ಮಾದರಿ ಏರಿದ ಅವರಿಗೆ ಸಾಧ್ಯವಾದದ್ದು 49.441 ಕಿ.ಮೀ. 1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಬರೆದಿದ್ದ ದಾಖಲೆಗಿಂತ ಕೇವಲ 10 ಮೀಟರ್ ಹೆಚ್ಚು!

ಹಾಗೆಂದು ಪ್ರಯೋಗಾಲಯವೇ ಸರ್ವಸ್ವವೆಂದು ಹೇಳುವಂತಿಲ್ಲ. ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ತಾವೇ ಕಟ್ಟಿದ, ಬಟ್ಟೆ ಒಗೆಯುವ ಯಂತ್ರದ ಬೇರಿಂಗ್ ಅಳವಡಿಸಿದ ಸೈಕಲ್ಲಿನಿಂದ ಹೆಸರಾದವರು. 1993ರ ಜುಲೈ 17ರಂದು ಅವರು ಗಂಟೆಯ ದಾಖಲೆ ಮುರಿದರು. ಆರೇ ದಿನಗಳಲ್ಲಿ ಬೋರ್ಡ್‌ಮನ್ ಅದನ್ನು ಮೀರಿದರು ನಿಜ. ಆದರೆ ಅದೇ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನ ಪರ್ಸ್ಯೂಟ್‌ನಲ್ಲಿ ಓಬ್ರಿ ಬೋರ್ಡ್‌ಮನ್‌ರನ್ನೇ ಸೋಲಿಸಿದರು. ಲೆಕ್ಕಕ್ಕೆ ಸಿಗದ ಮನುಷ್ಯರೂ ಇರುತ್ತಾರೆ.

ಒಬ್ಬ ಶಿಷ್ಯನಿಂದ ಒಂದು ದೇಶಕ್ಕೆ

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಭಾರತ ಲಿಯಾಂಡರ್ ಪೇಸ್ ತಂದ ಒಂದು ಕಂಚಿನಿಂದ ಸಮಾಧಾನ ಪಟ್ಟುಕೊಂಡಿತು. ಬ್ರಿಟನ್ನಿಗೂ ಅದು ಮುಖಭಂಗದ ವರ್ಷವೇ: ದೊರೆತದ್ದು ಒಂದೇ ಒಂದು ಚಿನ್ನ, ಪದಕ ಪಟ್ಟಿಯಲ್ಲಿ 36ನೇ ಸ್ಥಾನ. ಅಲ್ಲಿನ ಸರ್ಕಾರ 1994ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಲಾಟರಿಯ ಹಣದ ಒಂದು ಪಾಲನ್ನು ಉನ್ನತ ಮಟ್ಟದ ಕ್ರೀಡೆಗೆ ತಿರುಗಿಸಿತು. 1997ರಲ್ಲಿ ಸೈಕ್ಲಿಂಗ್ ಸಂಸ್ಥೆಯ ಹೊಸ ಯೋಜನೆಯ ಹೊಣೆ ಕೀನ್‌ರ ಹೆಗಲೇರಿತು.

ಅವರು ಇಲ್ಲಿಯೂ ಲೆಕ್ಕದಿಂದಲೇ ಆರಂಭಿಸಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಕ್ ಸೈಕ್ಲಿಂಗ್‌ಗೆ 12 ಚಿನ್ನ, ರಸ್ತೆ ಸೈಕ್ಲಿಂಗ್‌ಗೆ ನಾಲ್ಕೇ. ರಸ್ತೆ ಪಂದ್ಯದಲ್ಲಿ ಮಳೆ, ಪಂಕ್ಚರ್, ಎದುರಾಳಿಗಳ ಒಳಒಪ್ಪಂದ ಎಲ್ಲವೂ ಫಲಿತಾಂಶ ಬದಲಿಸಬಲ್ಲವು. ಟ್ರ್ಯಾಕ್‌ನಲ್ಲಿ ಅಂಥ ಅನಿಶ್ಚಿತತೆ ಕಡಿಮೆ. ಹಣ ಟ್ರ್ಯಾಕ್‌ನತ್ತ ಹರಿಯಿತು. ಮೊದಲು ವಾಟರ್ ಪೋಲೊ ಆಡುತ್ತಿದ್ದ ಜೇಸನ್ ಕ್ವೀಲಿ ಸಿಡ್ನಿಯಲ್ಲಿ ಒಂದು ಕಿ.ಮೀ. ಸ್ಪರ್ಧೆಯ ಚಿನ್ನ ಗೆದ್ದರು. ಕೂಟದ ಒಟ್ಟು ಗಳಿಕೆ ನಾಲ್ಕು ಪದಕ. ಕೀನ್‌ರ ನಂತರ ಡೇವ್ ಬ್ರೈಲ್ಸ್‌ಫೋರ್ಡ್ ಅದೇ ಅಡಿಪಾಯದ ಮೇಲೆ ಕಟ್ಟಡ ಏರಿಸಿದರು. 2008ರ ಬೀಜಿಂಗ್‌ನಲ್ಲಿ ಬ್ರಿಟನ್ ಸೈಕ್ಲಿಂಗ್‌ನಲ್ಲೇ ಎಂಟು ಚಿನ್ನ ಗಳಿಸಿತು.

ಲೆಕ್ಕದ ಬೆಲೆ

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದು ಬರೀ ಯಶೋಗಾಥೆಯಾಗುತ್ತಿತ್ತು. ಕೀನ್ ಮುಂದೆ ಯು.ಕೆ. ಸ್ಪೋರ್ಟ್ ಸಂಸ್ಥೆಗೆ ಹೋಗಿ ಎಲ್ಲ ಒಲಿಂಪಿಕ್ ಕ್ರೀಡೆಗಳ ಸಿದ್ಧತೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ಪದಕ ತರಬಲ್ಲ ಕ್ರೀಡೆಗೇ ಹಣ ಎಂಬುದು ಆಗ ಆ ಸಂಸ್ಥೆಯ ನೀತಿಯಾಗಿತ್ತು. 2012ರ ಲಂಡನ್ ಕೂಟದಲ್ಲಿ 29 ಚಿನ್ನ ಬಂದವು.  ನೀತಿ ಹಾಗೆಯೇ ಉಳಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬ್ಯಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್, ಟೇಬಲ್ ಟೆನಿಸ್, ಕುಸ್ತಿಗಳ ಒಲಿಂಪಿಕ್ ನೆರವು ಪೂರ್ತಿ ನಿಂತಿತು. ಬಡಾವಣೆಯ ಹುಡುಗರು ಹೆಚ್ಚಾಗಿ ಆಡುವ ಬ್ಯಾಸ್ಕೆಟ್‌ಬಾಲ್‌ಗೆ ಹಣವಿಲ್ಲವೆಂದರೆ ಹೇಗೆ ಎಂಬ ಪ್ರಶ್ನೆ ಎದ್ದಿತು.

ಸೈಕ್ಲಿಂಗ್ ಸಂಸ್ಥೆಯ ಒಳಗೂ ಎಲ್ಲವೂ ಸರಿಯಿರಲಿಲ್ಲ. 2017ರಲ್ಲಿ ಪ್ರಕಟವಾದ ಸ್ವತಂತ್ರ ಪರಿಶೀಲನಾ ವರದಿ, ಅಲ್ಲಿ ಪದಕಗಳ ಮುಂದೆ ಕ್ರೀಡಾಪಟುಗಳ ಹಿತ ಹಿಂದೆ ಬಿದ್ದಿತ್ತು, ಭಯದ ವಾತಾವರಣವಿತ್ತು ಎಂದಿತು. ಅದು ಕೀನ್ ಆ ಹುದ್ದೆ ತೊರೆದು ಎಷ್ಟೋ ವರ್ಷಗಳ ನಂತರದ ಮಾತು. ಆ ದೋಷವನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಚಿಚೆಸ್ಟರ್‌ನ ಕಾಲೇಜಿನಲ್ಲಿ ಅಳತೆ ನಡೆದದ್ದು ಒಬ್ಬ ಹುಡುಗನನ್ನು ಬೆಳೆಸಲು. ದೊಡ್ಡ ಹಣ ಬಂದ ಮೇಲೆ ಅದೇ ಅಳತೆಗೋಲು ಯಾರನ್ನು ಕೈಬಿಡಬೇಕೆಂದು ತೀರ್ಮಾನಿಸಲೂ ಬಳಕೆಯಾಯಿತು.

ಪದಕಗಳಿಗಾಗಿ ಹಂಬಲಿಸುವ ಎಲ್ಲ ದೇಶಗಳಿಗೂ ಈ ಮೇಷ್ಟರ ವೃತ್ತಿಜೀವನದಲ್ಲಿ ಪಾಠವಿದೆ. ಮೈದಾನ, ಹಣ, ಹುರುಪು ಇದ್ದರಷ್ಟೇ ಸಾಲದು; ಸೋಲು ಎಲ್ಲಿಂದ ಬರುತ್ತಿದೆಯೆಂದು ಕೂತು ಅಳೆಯುವ ಒಬ್ಬರಾದರೂ ಬೇಕು. ಹಾಗೆ ಅಳೆಯುವವರು, ಯಂತ್ರದ ಮೇಲೆ ಕುಳಿತು ತುಳಿಯುತ್ತಿರುವುದು ಮನುಷ್ಯ ಎಂಬುದನ್ನೂ ಮರೆಯಬಾರದು.